ಹೊಳೆ ಉದ್ದಕ್ಕೆ, ದಾರಿ ಅಡ್ಡಕ್ಕೆ

ಡ್ರೆಸ್ಡೆನ್‌ನಲ್ಲಿರುವ ನನ್ನ ಅಕ್ಕನ ಮಗ ಹೋದ ಬೇಸಿಗೆಯಲ್ಲಿ ಒಂದು ವಿಡಿಯೊ ಕಳಿಸಿದ. ಸೈಕಲ್ಲಿನ ಹ್ಯಾಂಡಲ್ಲಿಗೆ ಫೋನು ಸಿಗಿಸಿ ತೆಗೆದದ್ದು. ಎಡಕ್ಕೆ ಹುಲ್ಲುಗಾವಲು, ಬಲಕ್ಕೆ ಎಲ್ಬೆ ನದಿ, ನಡುವೆ ನಮ್ಮ ಮನೆಯ ಪಡಸಾಲೆಗಿಂತ ನುಣುಪಾದ ದಾರಿ. ಹನ್ನೆರಡು ನಿಮಿಷ ನೋಡಿದೆ. ಆ ಹನ್ನೆರಡು ನಿಮಿಷದಲ್ಲಿ ನದಿ ಒಂದು ಸಲವೂ ಮರೆಯಾಗಲಿಲ್ಲ, ಒಂದು ಲಾರಿಯೂ ಎದುರಾಗಲಿಲ್ಲ, ಒಂದು ನಾಯಿಯೂ ಅಟ್ಟಿಸಿಕೊಂಡು ಬರಲಿಲ್ಲ. ನೋಡಿ ಮುಗಿಸಿದ ಮೇಲೆ ಸಣ್ಣಗೆ ಹೊಟ್ಟೆಕಿಚ್ಚಾಯಿತು.

“ಮಾವ, ಇವತ್ತು ಎಂಬತ್ತು ಕಿಲೋಮೀಟರ್ ತುಳಿದೆ. ಪೂರಾ ಹೊಳೆ ಜೊತೆಗೇ” ಅಂದ ರಾತ್ರಿ ಫೋನಿನಲ್ಲಿ. ಎಲ್ಬೆ ಹುಟ್ಟುವ ಚೆಕ್ ದೇಶದ ಬೆಟ್ಟದಿಂದ ಅದು ಸಮುದ್ರ ಸೇರುವ ಕುಕ್ಸ್‌ಹಾಫೆನ್‌ವರೆಗೆ 1,200 ಕಿಲೋಮೀಟರಿಗೂ ಮಿಗಿಲಾಗಿ ಇಂಥದೇ ಸೈಕಲ್ ದಾರಿ ಇದೆಯಂತೆ. ರೈನ್ ನದಿಗೆ ಒಂದು, ಡ್ಯಾನ್ಯೂಬಿಗೆ ಒಂದು, ಮೈನ್, ವೇಜರ್, ಮೋಜೆಲ್ ಎಲ್ಲಕ್ಕೂ ಒಂದೊಂದು. “ನೀನೂ ತುಂಗಭದ್ರಾ ಜೊತೆ ಒಂದಿನ ಹೋಗಿ ಬಾ ಮಾವ. ನಿನ್ನ ವಿಡಿಯೊ ನಾನು ನೋಡ್ತೀನಿ.”

ಅವನು ತಮಾಷೆಗೆ ಹೇಳಿದನೋ ಏನೋ. ನನಗೆ ಅದು ತಲೆಯಲ್ಲಿ ಕೂತುಬಿಟ್ಟಿತು.

ಕಾನಹೊಸಹಳ್ಳಿಯವನಿಗೆ ಹೊಳೆ ಅಂದರೆ ಪರವೂರಿನ ವಿಷಯ. ನಮ್ಮಲ್ಲಿ ಕೆರೆ ಇದೆ, ಮಳೆ ಬಂದಾಗ ಮಾತ್ರ ನೆನಪಾಗುವ ಹಳ್ಳ ಇದೆ, ಎಷ್ಟು ಕೊರೆದರೂ ಧೂಳು ಉಗುಳುವ ಬೋರುಗಳಿವೆ, ಗುಡೇಕೋಟೆ ಕಡೆಯ ಬಂಡೆಗಳ ಸಂದಿಯಲ್ಲಿ ಕರಡಿಗಳಿವೆ. ಹೊಳೆ ಇಲ್ಲ. ನಾನು ಮೊದಲು ಹೊಳೆ ನೋಡಿದ್ದು ಮೈಲಾರದ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದಾಗ, ಆರೋ ಏಳೋ ವರ್ಷದವನಿದ್ದಾಗ. ಅಷ್ಟು ನೀರು ಒಂದೇ ಕಡೆ, ಅದೂ ನಡೆದುಕೊಂಡು ಹೋಗುತ್ತಿರುವುದನ್ನು ಕಂಡು ಅಪ್ಪನ ಪಂಚೆ ಹಿಡಿದುಕೊಂಡಿದ್ದೆನಂತೆ.

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಒಂದು ಗೇರ್ ಸೈಕಲ್ ಕೊಂಡಿದ್ದೇನೆ. ದಿನಾ ಬೆಳಗ್ಗೆ ಕೂಡ್ಲಿಗಿ ದಿಕ್ಕಿಗೆ ಒಂದಿಷ್ಟು ದೂರ ತುಳಿದು ವಾಪಸ್ ಬರುವುದು ರೂಢಿ. ಊರಿನವರು ಮೊದಮೊದಲು “ಬೈಕ್ ಏನಾತ್ ಸಾರ್?” ಎಂದು ಕಳವಳದಿಂದ ಕೇಳುತ್ತಿದ್ದರು. ಆಮೇಲೆ “ಶುಗರ್ ಬಂದೈತೆ ಅಂತ ಕಾಣ್ತದೆ” ಎಂದು ತಾವೇ ತೀರ್ಮಾನಿಸಿ ಸುಮ್ಮನಾದರು. ದೀಪಾವಳಿ ಕಳೆದ ವಾರ, ಒಂದು ಬೆಳಗಿನ ಜಾವ ನಾಲ್ಕಕ್ಕೆ, ಕ್ಯಾರಿಯರಿಗೆ ಒಂದು ಚೀಲ ಕಟ್ಟಿ ಹೊರಟೆ. ಉಜ್ಜಿನಿ, ಕೊಟ್ಟೂರು ಹಾದು ಹಡಗಲಿ. ಅಲ್ಲಿಂದ ತುಂಗಭದ್ರೆಯನ್ನು ಹಿಡಿದು, ನೀರಿಗೆ ಎದುರಾಗಿ, ಮೈಲಾರದ ಮೇಲೆ ಕುರುವತ್ತಿ. ನೂರರ ಮೇಲೆ ಕಿಲೋಮೀಟರು. ಹೆಂಡತಿಗೆ ಕೊಟ್ಟೂರಿನವರೆಗೆ ಎಂದಷ್ಟೇ ಹೇಳಿದ್ದೆ.

ಹೈವೇ ಮೇಲೆ ಆ ಹೊತ್ತಿಗೂ ಲಾರಿಗಳು ಸಾಲುಗಟ್ಟಿದ್ದವು. ಈಗ ಇದಕ್ಕೆ ರಾಷ್ಟ್ರೀಯ ಹೆದ್ದಾರಿ 50 ಎಂದು ಹೆಸರು. ನಮ್ಮ ಬಾಯಲ್ಲಿ ಇನ್ನೂ ಹದಿಮೂರೇ. ಹೈವೇ ಬಿಟ್ಟು ಒಳದಾರಿಗೆ ಹೊರಳಿದ ಮೇಲೆ ಕತ್ತಲೆಗೆ ಒಂದು ವಾಸನೆ ಬಂತು: ಹಸಿ ಮೆಕ್ಕೆಜೋಳ ಒಣಗುವ ವಾಸನೆ. ನಮ್ಮ ಕಡೆ ಈಗ ಕಣ ಎಂಬುದೇ ಇಲ್ಲ, ರಸ್ತೆಯೇ ಕಣ. ಅರ್ಧ ರಸ್ತೆಗೆ ಕಾಳು ಹರವಿ, ಅದರ ಅಂಚಿಗೆ ತಲೆ ಗಾತ್ರದ ಕಲ್ಲು ಜೋಡಿಸಿ, ಪಕ್ಕದಲ್ಲಿ ತಾಡಪಾಲು ಹೊದ್ದು ಒಬ್ಬ ಮಲಗಿರುತ್ತಾನೆ. ಕಾರಿನವರು ಬೈಯುತ್ತಾರೆ. ಸೈಕಲ್ಲಿನವನು ಬೈಯುವಷ್ಟು ಜೋರಾಗಿ ಹೋಗುತ್ತಿರುವುದಿಲ್ಲ. ನನ್ನ ಟಾರ್ಚಿನ ಬೆಳಕಿಗೆ ಒಬ್ಬ ಕಂಬಳಿಯಿಂದ ಮುಖ ಹೊರಗೆ ಹಾಕಿ “ಯಾರಪ್ಪ ಅದು, ಕಾಳು ತುಳೀಬ್ಯಾಡ್ರಿ” ಅಂದ. ಎಲ್ಬೆ ದಂಡೆಯ ದಾರಿಯಲ್ಲಿ ಬಹಳ ಕಡೆ ಮೋಟಾರು ಗಾಡಿಗಳು ಬರುವ ಹಾಗಿಲ್ಲ ಎಂದು ಅಳಿಯ ಹೇಳಿದ್ದ. ನಮ್ಮ ರಸ್ತೆಯ ಮೇಲೆ ಬರಬಾರದ್ದು ಎಂಬುದು ಯಾವುದೂ ಇಲ್ಲ.

ಉಜ್ಜಿನಿ ತಲುಪುವಾಗ ಮೂಡಣ ಕೆಂಪಾಗಿತ್ತು. ಮರುಳಸಿದ್ದೇಶ್ವರನ ಗುಡಿಯ ಬಾಗಿಲು ಆಗಷ್ಟೇ ತೆರೆದಿದ್ದರು. ವೀರಶೈವರ ಪಂಚಪೀಠಗಳಲ್ಲಿ ಒಂದು ಇದು. ವರ್ಷಕ್ಕೊಮ್ಮೆ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ, ಆ ಎಣ್ಣೆ ಜರಿಮಲೆ ಪಾಳೆಯಗಾರರ ಮನೆತನದಿಂದ ಬರಬೇಕು ಎಂಬುದು ವಾಡಿಕೆ. ನಮ್ಮ ಸೀಮೆಯಲ್ಲಿ ಒಂದು ಮಾತಿದೆ: ಒಳಗೆ ನೋಡಬೇಕು ಉಜ್ಜಿನಿ, ಹೊರಗೆ ನೋಡಬೇಕು ಕುರುವತ್ತಿ. ಎರಡೂ ಗುಡಿಗಳ ಕೆತ್ತನೆ ಕುರಿತ ಮಾತು. ಈ ಮಾತನ್ನು ಹುಡುಗರಿಗೆ ಮೂವತ್ತು ವರ್ಷ ಪಾಠದಲ್ಲಿ ಹೇಳಿದ್ದೇನೆ. ಎರಡನ್ನೂ ಒಂದೇ ದಿನ ನೋಡಿದವನು ಮಾತ್ರ ಅಲ್ಲ. ಒಳಗೆ ಹೋಗಿ ತಲೆಯೆತ್ತಿ ಚಾವಣಿ ನೋಡಿದೆ. ಬೆಳಕು ಸಾಲದು, ಕುತ್ತಿಗೆ ನೋಯುವಷ್ಟು ಹೊತ್ತು ನಿಂತ ಮೇಲೆ ಕಲ್ಲಿನ ಹೂವಿನ ಎಸಳುಗಳು ಒಂದೊಂದಾಗಿ ಕತ್ತಲೆಯಿಂದ ಇಳಿದುಬಂದವು. ಅರ್ಧ ಮಾತು ಆಯಿತು ಎಂದುಕೊಂಡು ಸೈಕಲ್ ಹತ್ತಿದೆ.

ಆಮೇಲಿನ ದಾರಿ ಎಷ್ಟು ಸಲೀಸಾಯಿತೆಂದರೆ ನನ್ನ ಕಾಲಿನ ಮೇಲೆ ನನಗೇ ಅಭಿಮಾನ ಬಂತು. ಅರವತ್ತು ದಾಟಿದ ಮೊಣಕಾಲು, ಆದರೂ ಗೇರ್ ಮೇಲೆ ಗೇರ್ ಏರಿಸುತ್ತಾ ಹೋದೆ. ಕೊಟ್ಟೂರಿಗೆ ಬಂದಾಗ ಎಂಟೂ ಆಗಿರಲಿಲ್ಲ. ಹೋಟೆಲಿನ ಕಟ್ಟೆಯ ಮೇಲೆ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಿರುವಾಗ ಕಣ್ಣು ಹೋದದ್ದು ದೂರದ ಗುಡ್ಡದ ಗಾಳಿಯಂತ್ರಗಳ ಮೇಲೆ. ನಮ್ಮ ಜನ ಅವನ್ನು ಫ್ಯಾನು ಎನ್ನುತ್ತಾರೆ. ಎಲ್ಲ ಫ್ಯಾನುಗಳೂ ನಾನು ಬಂದ ಮೂಡಣಕ್ಕೆ ಮುಖ ಮಾಡಿ ಗಿರಗಿರ ತಿರುಗುತ್ತಿದ್ದವು. ಕಾರ್ತಿಕದ ಮೂಡುಗಾಳಿ ಬೆಳಗಿನಿಂದ ನನ್ನ ಬೆನ್ನಿಗೆ ಕೈಕೊಟ್ಟು ತಳ್ಳುತ್ತಿತ್ತು. ಅಭಿಮಾನ ಅಲ್ಲಿಗೆ ಇಳಿಯಿತು. ಇನ್ನೊಂದು ಮಿರ್ಚಿ ಹಾಕಿಸಿಕೊಂಡೆ.

ಕೊಟ್ಟೂರಿನ ದಾರಿಗಳಿಗೆ ನಡೆಯುವವರ ಅಭ್ಯಾಸವಿದೆ. ಗುರುಬಸವೇಶ್ವರನ ತೇರಿನ ಹೊತ್ತಿಗೆ ದಾವಣಗೆರೆ ಕಡೆಯಿಂದ, ಎಲ್ಲೆಲ್ಲಿಂದಲೋ ಜನ ಹಗಲೂ ರಾತ್ರಿ ನಡೆದು ಬರುತ್ತಾರೆ. ದಾರಿಯುದ್ದ ಹಳ್ಳಿಯವರು ನೀರು, ಮಜ್ಜಿಗೆ, ಊಟ ಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುವವರೂ ಇರುತ್ತಾರೆ. ಕಾಲಿನಲ್ಲಿ ದೂರ ಹೋಗುವುದು ನಮಗೆ ಹೊಸದೇನಲ್ಲ. ದೇವರ ನೆಪವಿಲ್ಲದೆ ಹೋಗುವುದು ಹೊಸದು. ಮಂಡಕ್ಕಿ ಹೋಟೆಲಿನವರು “ಹರಕೆ ಏನ್ರಿ?” ಎಂದು ಕೇಳಿದ್ದಕ್ಕೆ ಏನು ಹೇಳಬೇಕೋ ತಿಳಿಯದೆ “ಹೂಂ, ಕುರುವತ್ತಿ ಬಸವಣ್ಣಗೆ” ಅಂದೆ. ಅವರು ಚಹದ ದುಡ್ಡು ತೆಗೆದುಕೊಳ್ಳಲಿಲ್ಲ. ಆ ಸುಳ್ಳು ದಾರಿಯುದ್ದ ನನ್ನ ಜೊತೆ ಬಂತು.

ಹಡಗಲಿ ದಾರಿಯಲ್ಲಿ ಹಿಂದಿನ ಗಾಲಿ ಕೂತಿತು. ನೋಡಿದರೆ ಮುಳ್ಳು, ಅದೂ ಬಳ್ಳಾರಿ ಜಾಲಿಯದು. ಊರಿನ ಹೆಸರು ಹೊತ್ತಿದೆಯೇ ಹೊರತು ಈ ಗಿಡ ಬಳ್ಳಾರಿಯದಲ್ಲ, ಅಮೆರಿಕ ಖಂಡದ ಮೂಲದ್ದು. 1877ರಲ್ಲಿ, ದೊಡ್ಡ ಬರ ಬಿದ್ದಿದ್ದ ಕಾಲದಲ್ಲಿ, ಕಡಪ ಸೀಮೆಯ ಕಮಲಾಪುರಂನಲ್ಲಿ ಅರಣ್ಯ ಇಲಾಖೆಯವರು ತರಿಸಿ ನೆಟ್ಟರೆಂದು ಓದಿದ ನೆನಪು. ಸೌದೆಗಾಯಿತು ಎಂದು ತಂದದ್ದು ಈಗ ಕೆರೆಯಂಗಳ, ಹಳ್ಳದ ದಂಡೆ, ರಸ್ತೆಯ ಅಂಚು ಎಲ್ಲವನ್ನೂ ಹಿಡಿದುಕೊಂಡಿದೆ. ಸೈಕಲ್ ತಳ್ಳಿಕೊಂಡು ಮುಂದಿನ ಊರಿಗೆ ನಡೆದೆ.

ಬೇವಿನ ಮರದ ಕೆಳಗೆ ಪಂಕ್ಚರ್ ಅಂಗಡಿ. ಅಂಗಡಿ ಎಂದರೆ ಒಂದು ಗೋಣಿತಟ್ಟು, ಒಂದು ಪಂಪು, ಅಂಚು ಸೊಟ್ಟಗಾದ ಒಂದು ಕಬ್ಬಿಣದ ಬಾಂಡಲಿಯಲ್ಲಿ ನೀರು. ಅಜ್ಜ ಟೈರಿನ ಒಂದು ಬದಿಯನ್ನು ಎರಡು ಚಪ್ಪಟೆ ಕಬ್ಬಿಣದಿಂದ ಎಬ್ಬಿಸಿ, ಟ್ಯೂಬು ಎಳೆದು, ಗಾಳಿ ತುಂಬಿ, ಬಾಂಡಲಿಯಲ್ಲಿ ಗೇಣುಗೇಣಾಗಿ ಮುಳುಗಿಸುತ್ತಾ ಹೋದರು. ಗುಳ್ಳೆ ಎದ್ದ ಕಡೆ ಬೆರಳು ಒತ್ತಿ ಹಿಡಿದು, ಬಟ್ಟೆಯಿಂದ ಒರೆಸಿ, ಉಪ್ಪುಕಾಗದ ತಿಕ್ಕಿ, ಸಲ್ಯೂಷನ್ ಸವರಿ, ಅದು ಒಣಗುವವರೆಗೆ ಬೀಡಿ ಹಚ್ಚಿದರು. ಹೊಸ ಸಲ್ಯೂಷನ್ನಿನ ಮೇಲೆ ತಕ್ಷಣ ಪ್ಯಾಚ್ ಹಾಕಬಾರದು, ಅದು ಬೆರಳಿಗೆ ಅಂಟದಷ್ಟು ಒಣಗಬೇಕು ಎಂಬುದು ನನಗೂ ಗೊತ್ತು. ಆದರೆ ಅದನ್ನು ಒಂದು ಬೀಡಿಯ ಅಳತೆಯಲ್ಲಿ ಹೇಳಬಹುದು ಎಂದು ಗೊತ್ತಿರಲಿಲ್ಲ. ಆಮೇಲೆ ಅಜ್ಜ ಟೈರಿನ ಒಳಮೈಯಲ್ಲಿ ಬೆರಳು ಆಡಿಸಿದರು, ಕಣ್ಣು ಮುಚ್ಚಿಕೊಂಡು. ಇನ್ನೂ ಎರಡು ಮುಳ್ಳಿನ ತುದಿ ಸಿಕ್ಕವು.

“ಗೇರಿನ ಸೈಕಲ್ಲು ಬರಲೇ ಇಲ್ಲ ನೋಡ್ರಿ ಈ ನಡುವೆ. ಸಾಲಿ ಹುಡುಗ್ರ ಸೈಕಲ್ಲೂ ನಿಂತೋದ್ವು” ಅಂದರು. ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ನನ್ನ ಶಾಲೆಯ ಅಂಗಳದಲ್ಲಿ ಆ ಸೈಕಲ್ಲುಗಳನ್ನು ಹಂಚಿದ ದಿನ ನನಗೆ ಮರೆತಿಲ್ಲ. ಹೊಡೆಯಲು ಬಾರದ ಹೆಣ್ಣುಮಕ್ಕಳು ಗೆಳತಿಯರ ಹೆಗಲು ಹಿಡಿದು ಧ್ವಜಸ್ತಂಭವನ್ನು ಸುತ್ತುತ್ತಿದ್ದರು. ಸಂಜೆಯ ಹೊತ್ತಿಗೆ ಹೆಗಲು ಬಿಟ್ಟಿದ್ದರು. ಸಮಾಜ ಪಾಠದ ಮೇಷ್ಟ್ರಾಗಿ ನಾನು ಅವರಿಗೆ ಸೈಕಲ್ಲಿನ ಅಜ್ಜನ ಕಥೆ ಹೇಳಿದ್ದೆ: 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ಊರಿನಲ್ಲಿ, ರೈನ್ ಮತ್ತು ನೆಕರ್ ನದಿ ಕೂಡುವ ಕಡೆ, ಕಾರ್ಲ್ ಡ್ರೈಸ್ ಎಂಬವನು ಎರಡು ಗಾಲಿಯ ಮರದ ಗಾಡಿಯ ಮೇಲೆ ಕೂತು, ನೆಲಕ್ಕೆ ಕಾಲು ಒದೆಯುತ್ತಾ ಊರಾಚೆಗೆ ಹೋಗಿ ಬಂದ. ಪೆಡಲ್ ಇರಲಿಲ್ಲ. ಪೆಡಲ್ ಇಲ್ಲದೆ ಹೆಂಗೆ ಸಾರ್ ಎಂದು ಒಬ್ಬಳು ಕೇಳಿದ್ದಳು. ಗೆಳತಿಯ ಹೆಗಲು ಹಿಡಿದು ಅವಳೇ ಹಾಗೆ ಕಾಲು ಒದೆಯುತ್ತಾ ಹೋಗುತ್ತಿದ್ದಳು.

ಎಲ್ಬೆ ದಾರಿಯಲ್ಲಿ ಅಳಿಯನಿಗೂ ಒಮ್ಮೆ ಪಂಕ್ಚರ್ ಆಗಿತ್ತಂತೆ. ಅಲ್ಲಿ ಗೋಡೆಗೆ ಒಂದು ಡಬ್ಬಿ, ಕಾಸು ಹಾಕಿದರೆ ಹೊಸ ಟ್ಯೂಬು ಕೆಳಗೆ ಬೀಳುತ್ತದೆ. ರಾತ್ರಿ ಎರಡು ಗಂಟೆಗೂ ಬೀಳುತ್ತದೆ. ಒಪ್ಪಬೇಕಾದ ಅನುಕೂಲ. ಅಜ್ಜನ ಕಡೆ ಚಿಲ್ಲರೆ ಇರಲಿಲ್ಲ, ಬದಲಿಗೆ ಮುಂದಿನ ಗಾಲಿಗೂ ಗಾಳಿ ಹೊಡೆದು ಕಳಿಸಿದರು.

ಹೋಗುತ್ತಾ ಹೋಗುತ್ತಾ ಮಾತೂ ಬದಲಾಗುತ್ತದೆ. ಕಾನಹೊಸಹಳ್ಳಿಯಲ್ಲಿ ‘ಐತೆ’ ಎಂದು ಹೊರಟವನು ಹಡಗಲಿ ಹತ್ತಿರ ‘ಐತಿ’ ಎಂದು ಕೇಳಿಸಿಕೊಳ್ಳುತ್ತೇನೆ. ಬಸ್ಸಿನಲ್ಲಿ ಹೋದರೆ ಇಳಿದ ಮೇಲೆ ಒಮ್ಮೆಲೇ ಗೊತ್ತಾಗುವುದು, ಸೈಕಲ್ಲಿನಲ್ಲಿ ಚಹದಂಗಡಿಯಿಂದ ಚಹದಂಗಡಿಗೆ ಸ್ವಲ್ಪಸ್ವಲ್ಪವಾಗಿ ಆಗುತ್ತದೆ. ಎಡಕ್ಕೆ ಹರಪನಹಳ್ಳಿ ಸೀಮೆ. ಕೂತಲ್ಲೇ ಕೂತು ಪ್ರವಾಸ ಮಾಡಿದ ತಾಲ್ಲೂಕು ಅದು: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರ ಜಿಲ್ಲೆಗೆ. ನಾನು ಇಷ್ಟು ತುಳಿದೂ ಒಂದೇ ಜಿಲ್ಲೆಯಲ್ಲಿದ್ದೇನೆ.

ಹಡಗಲಿಯ ಖಾನಾವಳಿಯಲ್ಲಿ ಎರಡು ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ ತಿಂದು ಕೈತೊಳೆಯುವಾಗ ಮಲ್ಲಿಗೆಯ ಬಗ್ಗೆ ವಿಚಾರಿಸಿದೆ. ಕಾಲ ಇದಲ್ಲ, ಶಿವರಾತ್ರಿ ಹೊತ್ತಿಗೆ ಬರ್ರಿ ಅಂದರು. ಮೈಸೂರು, ಉಡುಪಿ ಮಲ್ಲಿಗೆಗಳ ಹಾಗೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಿಯ ಪಟ್ಟವಿದೆ. ಊರಿಗೆ ಹೂವಿನ ಹಡಗಲಿ ಎಂಬ ಹೆಸರು ಬಂದದ್ದು ಇಲ್ಲಿಂದ ಹಂಪಿಗೆ ಹೊಳೆಯ ಮೇಲೆ ಹಡಗಿನಲ್ಲಿ ಹೂವು ಹೋಗುತ್ತಿದ್ದುದರಿಂದ ಎಂದು ಎಲ್ಲರೂ ಹೇಳುತ್ತಾರೆ. ಕೇಳಲು ಚೆಂದ. ಆದರೆ ಹಂಪಿಯಲ್ಲಿ ರಾಜಧಾನಿ ಹುಟ್ಟುವ ಎಷ್ಟೋ ಮುಂಚಿನ ಚಾಲುಕ್ಯರ ಕಾಲದ ಶಾಸನಗಳಲ್ಲೇ ಈ ಊರು ಪೂವಿನ ಪಡಂಗಿಲೆ. ಹೂವು ಹಳೆಯದು, ಹಡಗು ಆಮೇಲೆ ಯಾರೋ ಕಟ್ಟಿದ್ದು. ಆದರೂ ಆ ಕಥೆ ಕಟ್ಟಿದವನ ಮೇಲೆ ನನಗೆ ಪ್ರೀತಿ ಇದೆ. ಹೊಳೆಯ ಜೊತೆ ಉದ್ದಕ್ಕೆ ಹೋಗಬಹುದು ಎಂದು ಈ ಸೀಮೆಯಲ್ಲಿ ಕನಸು ಕಂಡವನು ಅವನೊಬ್ಬನೇ ಇರಬೇಕು.

ಯಾಕೆ ಹೇಳುತ್ತೇನೆಂದರೆ, ಹಡಗಲಿ ಬಿಟ್ಟ ಮೇಲೆ ನಾನು ಹೊಳೆಯನ್ನು ಹುಡುಕಿದ ಹುಡುಕಾಟ ಹಾಗಿತ್ತು. ನಕಾಶೆಯಲ್ಲಿ ರಸ್ತೆಯೂ ಹೊಳೆಯೂ ಅಕ್ಕಪಕ್ಕದಲ್ಲಿವೆ. ನೆಲದ ಮೇಲೆ ನಡುವೆ ಮೈಲುಗಟ್ಟಲೆ ಹೊಲ. ಹಿರೇಹಡಗಲಿ ದಾಟಿ ಬಲಕ್ಕೆ ಒಂದು ಗಾಡಿದಾರಿ ಕಂಡಿತು, ಇಳಿದೆ. ಕಬ್ಬಿನ ನಡುವೆ ಹಾದು, ಭತ್ತದ ಬದುವಿನ ಮೇಲೆ ಸೈಕಲ್ ಹೊತ್ತು, ಕೊನೆಗೆ ಒಂದು ಪಂಪ್‌ಹೌಸ್ ಹತ್ತಿರ ನಿಂತೆ. ಎದುರಿಗೆ ತುಂಗಭದ್ರೆ. ಎಡಕ್ಕೂ ದಾರಿ ಇಲ್ಲ, ಬಲಕ್ಕೂ ಇಲ್ಲ. ಜಾಲಿ, ಜೊಂಡು, ಕರಿ ಪೈಪು. ಮೀಟರ್ ಡಬ್ಬಿಯ ನೆರಳಲ್ಲಿ ಕೂತಿದ್ದ ಹುಡುಗ “ಎಲ್ಲಿಗ್ ಹೋಗ್ಬೇಕ್ರೀ?” ಎಂದು ಕೇಳಿದ. ಮೈಲಾರ ಅಂದೆ. “ರಸ್ತೇಕ ಹೋಗ್ರಿ” ಅಂದ. ಹೊಳೆ ಗುಂಟ ಹೋಗೋಕೆ ದಾರಿ ಇಲ್ಲವಾ ಅಂದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಹೊಳೀ ಗುಂಟ ಹೋಗಿ ಏನ್ ಮಾಡ್ತೀರಿ?”

ವಾಪಸ್ ರಸ್ತೆಗೆ. ಹೊಳಲಿನ ಹತ್ತಿರ ಮತ್ತೊಂದು ದಾರಿ ಹಿಡಿದೆ, ಅದು ಬಟ್ಟೆ ಒಗೆಯುವ ಕಲ್ಲುಗಳಿಗೆ ಹೋಗಿ ನಿಂತಿತು. ಇನ್ನೊಂದು ಸುಡುಗಾಡಿಗೆ. ಮೂರನೆಯ ಸಲ ರಸ್ತೆಗೆ ಮರಳುವಾಗ ನನಗೆ ಹೊಳೆದದ್ದು ಇಷ್ಟು: ಇಲ್ಲಿ ದಾರಿಗಳು ಬಾಚಣಿಗೆಯ ಹಲ್ಲುಗಳು. ಪ್ರತಿ ಊರಿನಿಂದ ಒಂದೊಂದು ಹಲ್ಲು ಹೊಳೆಗೆ ಇಳಿಯುತ್ತದೆ, ನೀರು ತರಲು, ಎಮ್ಮೆ ಮೈತೊಳೆಯಲು, ಸತ್ತವರನ್ನು ಒಯ್ಯಲು, ಆಚೆ ದಾಟಲು. ಹಲ್ಲಿಗೂ ಹಲ್ಲಿಗೂ ಸಂಬಂಧವಿಲ್ಲ.

ಎಲ್ಬೆ ದಂಡೆಯ ದಾರಿಯನ್ನು ಯಾರೋ ಒಂದು ದಿನ ಸೈಕಲ್ಲಿಗೆಂದು ಹಾಸಿದ್ದಲ್ಲ. ರೈಲು, ಹಬೆ ಯಂತ್ರ ಬರುವ ಮುಂಚೆ ಜರ್ಮನಿಯ ನದಿಗಳಲ್ಲಿ ಸರಕಿನ ದೋಣಿಗಳನ್ನು ಹರಿವಿಗೆ ಎದುರಾಗಿ ದಡದಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಕೆಲವು ಕಡೆ ಕುದುರೆ. ಎಲ್ಬೆಯ ಸ್ಯಾಕ್ಸನಿ ಭಾಗದಲ್ಲಿ ಸಾಲುಸಾಲು ಮನುಷ್ಯರೇ ಎದೆಗೆ ಪಟ್ಟಿ ಹಾಕಿಕೊಂಡು ಎಳೆದರು. ಹಗ್ಗ ಎಳೆಯುವವನ ಕಾಲಿಗೆ ನೀರಿನ ಅಂಚಿನಲ್ಲಿ ಎಡೆಬಿಡದ ದಾರಿ ಬೇಕು. ಎಷ್ಟೋ ಕಡೆ ಆ ದಾರಿಯೇ ಈಗ ಸೈಕಲ್ ದಾರಿಯಾಗಿದೆ. ನನ್ನ ಅಳಿಯ ಭಾನುವಾರ ಗಾಳಿ ತಿನ್ನುತ್ತಾ ಹೋದದ್ದು ಯಾರೋ ಬೆನ್ನು ಮುರಿದುಕೊಂಡು ಸವೆಸಿದ ದಾರಿಯಲ್ಲಿ.

ತುಂಗಭದ್ರೆಯಲ್ಲಿ ಹಾಗೆ ಎಳೆಯಲು ದೋಣಿಯೇ ಇರಲಿಲ್ಲ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಮಳೆಗಾಲದಲ್ಲಿ ಹುಚ್ಚು ಹೊಳೆ, ನಡುವೆಲ್ಲ ಬಂಡೆ. ಇಲ್ಲಿಗೆ ಒದಗಿದ್ದು ಹರಗೋಲು ಒಂದೇ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸರ ಡೊಮಿಂಗೊ ಪಯಸ್ ಕೂಡ ಬುಟ್ಟಿಯಂಥ, ತೊಗಲು ಹೊದಿಸಿದ ಈ ದುಂಡು ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿದ್ದಾನೆ. ದುಂಡಗಿರುವುದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಹರಿವಿಗೆ ಎದುರಾಗಿ ಅದನ್ನು ಒಯ್ಯಬೇಕಾದರೆ 

ಅಂಬಿಗ ದಡಕ್ಕೆ ಎತ್ತಿ ತಲೆಯ ಮೇಲೆ ಬೋರಲು ಹಾಕಿಕೊಂಡು ನಡೆಯುತ್ತಾನೆ. ಅಡ್ಡ ದಾಟಲು ಹುಟ್ಟಿದ ವಾಹನ. ನಮ್ಮ ಹೊಳೆಯ ದೊಡ್ಡ ಹೆಸರೂ ಅಂಬಿಗನದೇ. ಆಚೆ ದಂಡೆಯ ಚೌಡಯ್ಯದಾನಪುರ ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಊರು.

ಇದ್ದಬದ್ದ ದಂಡೆಯ ದಾರಿಗಳಲ್ಲಿ ಎಷ್ಟೋ ಕೆಳಗೆ ಮುಳುಗಿವೆ. 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ನೀರು ನಿಂತ ತುಂಗಭದ್ರಾ ಅಣೆಕಟ್ಟಿಗೆ ತೊಂಬತ್ತರಷ್ಟು ಊರುಗಳು ಹೋದವು. ನಾರಾಯಣದೇವರಕೆರೆಯವರು ಎದ್ದು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆಯಾದರು. ಹಗರಿಬೊಮ್ಮನಹಳ್ಳಿ ಕಡೆಯ ಮುದುಕರು ಹಿನ್ನೀರಿನ ಮೇಲೆ ಬೆರಳು ತೋರಿಸಿ “ಅಕಾ, ಅಲ್ಲಿತ್ತು ನಮ್ಮ ಹಿತ್ತಲು” ಎನ್ನುವುದನ್ನು ಕೇಳಿದ್ದೇನೆ. ನೀರು ಪೂರಾ ಇಳಿದ ಬೇಸಿಗೆಯಲ್ಲಿ ಹಳೆಯ ಗುಡಿಯ ಕಲ್ಲುಗಳು ತಲೆ ಎತ್ತುತ್ತವೆ, ಜನ ಹೋಗಿ ಕಾಯಿ ಒಡೆದು ಬರುತ್ತಾರೆ. ಎಲ್ಬೆಯಲ್ಲೂ ಹಾಗೊಂದು ಕಲ್ಲಿದೆ, ಜರ್ಮನಿಯ ಗಡಿ ದಾಟಿದರೆ ಸಿಗುವ ಡೆಚೀನ್ ಊರಿನಲ್ಲಿ. ಹೊಳೆಯ ನೀರು ಇಳಿದಾಗ ಹೊರಬರುತ್ತದೆ. ನಾನು ಕಂಡರೆ ಅಳುವುದೇ ನಿಮಗೆ ಗತಿ ಎಂಬ ಅರ್ಥದ ಮಾತನ್ನು ಅದರ ಮೇಲೆ ಕೆತ್ತಿದ್ದಾರೆ. 2018ರಲ್ಲೂ 2022ರಲ್ಲೂ ಅದು ಕಂಡಿತು. ಅದೇ ಎಲ್ಬೆ 2002ರ ಆಗಸ್ಟಿನಲ್ಲಿ ಡ್ರೆಸ್ಡೆನ್‌ನಲ್ಲಿ 9.40 ಮೀಟರಿನ ಮಟ್ಟಕ್ಕೆ ಏರಿತ್ತು. ಆ ಗುರುತನ್ನು ಮನೆಗಳ ಗೋಡೆಯ ಮೇಲೆ ಬರೆದಿಟ್ಟಿದ್ದಾರಂತೆ, ಅಳಿಯ ತನ್ನ ತಲೆಗಿಂತ ಎಷ್ಟೋ ಮೇಲಿದ್ದ ಗೆರೆಯ ಕೆಳಗೆ ನಿಂತು ಫೋಟೊ ತೆಗೆಸಿಕೊಂಡಿದ್ದಾನೆ.

ಮೈಲಾರ ತಲುಪಿದಾಗ ಮೂರೂವರೆ. ಭರತ ಹುಣ್ಣಿಮೆಯ ಹೊತ್ತಿಗೆ ಲಕ್ಷಾಂತರ ಜನ ಸೇರಿ, ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದೊಡನೆ ಉಸಿರು ಬಿಗಿಹಿಡಿದು ಕಾರಣಿಕ ಕೇಳುವ ಊರು, ಆ ಮಧ್ಯಾಹ್ನ ಪೂರಾ ನಿದ್ದೆಯಲ್ಲಿತ್ತು. ಗುಡಿಯ ಕಟ್ಟೆಯ ಮೇಲೆ ಒಬ್ಬ ಗೊರವಪ್ಪ ಕರಿ ಕಂಬಳಿ ಹೊದ್ದು ಕೂತು ಹಿತ್ತಾಳೆಯ ಪಾತ್ರೆಯೊಂದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಅದರ ಹೆಸರು ದೋಣಿ. ಗೊರವರ ಭಿಕ್ಷೆಯ ಪಾತ್ರೆ ಅದು. ಅದರಲ್ಲಿ ಹಾಲು, ಬಾಳೆಹಣ್ಣು, ಸಕ್ಕರೆ ಕಲಸಿ ಭಕ್ತರು ಮಾಡಿಸುವುದು ದೋಣಿ ಸೇವೆ. ಹೊಳೆದಂಡೆಯ ಊರಲ್ಲಿ ನೀರಿನ ಮೇಲೆ ಹೋಗುವುದು ಹರಗೋಲು, ದೋಣಿ ಎಂದರೆ ಊಟ. ನಾನು ಜಗಲಿಯ ಮೇಲೆ ಕಾಲು ಚಾಚಿದ್ದನ್ನು ನೋಡಿ ಅವರು ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟರು. ಹರಕೆಯಾ ಎಂದು ಅವರು ಕೇಳಲಿಲ್ಲ, ನಾನೂ ಸುಳ್ಳು ಹೇಳಬೇಕಾಗಲಿಲ್ಲ. ಭಂಡಾರ ಹಚ್ಚಿ ಕಳಿಸಿದರು.

ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯನ್ನು ಹೊರಗಿನಿಂದ ನೋಡಬೇಕು ಎನ್ನುವ ಮಾತು ಸುಳ್ಳಲ್ಲ. ಸಂಜೆಯ ಬಿಸಿಲು ಕಂಬದ ಮೇಲಿನ ಮದನಿಕೆಯರ ಮೇಲೆ ಓರೆಯಾಗಿ ಬಿದ್ದಿತ್ತು. ಬೇಲೂರಿನ ಶಿಲಾಬಾಲಿಕೆಯರಿಗೆ ಇವರು ಅಕ್ಕಂದಿರು, ಹೊಯ್ಸಳರಿಗಿಂತ ಮುಂಚೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನಿಂತವರು. ಒಬ್ಬಳ ಸೊಂಟದ ಬಳುಕು, ಸುತ್ತ ಬಳ್ಳಿಯ ಸುರುಳಿ, ಆ ಬಳ್ಳಿಯ ತೂತುಗಳ ಮೂಲಕ ಹಿಂದಿನ ಗೋಡೆಯ ಮೇಲೆ ಬಿದ್ದ ಅವಳದೇ ನೆರಳು. ಬೆಳಗ್ಗೆ ಉಜ್ಜಿನಿಯಲ್ಲಿ ಕತ್ತಲೆಯಿಂದ ಒಂದೊಂದಾಗಿ ಇಳಿದುಬಂದದ್ದು ಇಲ್ಲಿ ಒಂದೇ ಏಟಿಗೆ ಕಣ್ಣಿಗೆ ಬೀಳುತ್ತದೆ. ಉಳಿದ ಅರ್ಧ ಮಾತು ಪೂರಾ ಆಯಿತು. ಬಸವಣ್ಣನಿಗೆ ಒಂದು ಕಾಯಿ ಒಡೆಸಿದೆ. ಕೊಟ್ಟೂರಿನ ಚಹದ ಬಾಕಿ.

ಗುಡಿಯ ಹಿಂದೆಯೇ ಹೊಳೆ. 1068ರಲ್ಲಿ ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರ ವಾಸಿಯಾಗದ ಜ್ವರದಿಂದ ಬೇಸತ್ತು ನೀರಿಗಿಳಿದು ಜಲಸಮಾಧಿಯಾದದ್ದು ಇಲ್ಲೇ. ಆಮೇಲೆ ಅವನ ಮಗನ ಆಸ್ಥಾನಕ್ಕೆ ಬಂದ ಕಾಶ್ಮೀರದ ಬಿಲ್ಹಣ ಆ ಪ್ರಸಂಗವನ್ನು ತನ್ನ ಸಂಸ್ಕೃತ ಕಾವ್ಯದಲ್ಲಿ ತಂದಿದ್ದಾನೆ. ಚೋಳರೊಂದಿಗೆ ಬದುಕಿಡೀ ಕಾದಾಡಿದ, ಕಲ್ಯಾಣವನ್ನು ರಾಜಧಾನಿ ಮಾಡಿದ ದೊರೆ, ಕಡೆಗೆ ಹೊಳೆಯೊಳಗೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೋದ. ಹುಡುಗರಿಗೆ ಈ ಪಾಠ ಮಾಡುವಾಗ ನಾನು ಇಸವಿ ಹೇಳಿ ಮುಂದೆ ಹೋಗುತ್ತಿದ್ದೆ. ಈಗ ಅದೇ ಹೊಳೆಯ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿ ಕಾಲು ನೀರಿಗೆ ಇಳಿಬಿಟ್ಟಾಗ ಮೊದಲು ತಿಳಿದದ್ದು ನೀರು ಎಷ್ಟು ತಣ್ಣಗಿದೆ ಎಂಬುದು. ಜ್ವರದ ಮೈಗೆ ಅದು ಹೇಗಿದ್ದಿರಬೇಕು.

ಅಷ್ಟರಲ್ಲಿ ಅಳಿಯನ ಫೋನು. “ಎಷ್ಟಾಯ್ತು ಮಾವ?” ನೂರರ ಮೇಲೆ ಆಯ್ತು ಅಂದೆ. “ಹೊಳೆ ಜೊತೆ ಎಷ್ಟು?” ಲೆಕ್ಕ ಹಾಕಿದೆ. ಪಂಪ್‌ಹೌಸಿನ ಹತ್ತಿರ ಹತ್ತು ನಿಮಿಷ, ಬಟ್ಟೆ ಕಲ್ಲಿನ ಹತ್ತಿರ ಐದು, ಸುಡುಗಾಡಿನಲ್ಲಿ ಎರಡು. ತುಳಿಯುತ್ತಾ ಹೊಳೆ ಕಂಡದ್ದು ಎಂದರೆ ಸೊನ್ನೆ. ಅವನು ನಕ್ಕು, ವಿಡಿಯೊ ಕಳಿಸು ಅಂದ. ಬ್ಯಾಟರಿ ಇಲ್ಲ ಅಂದೆ. ಅದು ಮಾತ್ರ ನಿಜ.

ಆಚೆ ದಂಡೆ ಹಾವೇರಿ ಜಿಲ್ಲೆ. ಅಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಮನೆ ಇದೆ, ರಾತ್ರಿ ಅಲ್ಲೇ ಎಂದು ಮಾತಾಗಿತ್ತು. ಸೇತುವೆ ಸುತ್ತು. ಕೆಳಗೆ ಒಬ್ಬ ಮೀನಿನವ ಬಲೆ ಬಿಡಿಸುತ್ತಾ ಹರಗೋಲು ದಡಕ್ಕೆ ಹಚ್ಚಿದ್ದ. ತೊಗಲಿನ ಕಾಲ ಹೋಯಿತು. ಬಿದಿರಿನ ಹೆಣಿಗೆಗೆ ರಸಗೊಬ್ಬರದ ಚೀಲ ಹೊದಿಸಿ ಮೇಲೆ ಡಾಂಬರು ಬಳಿದಿದ್ದರು. ಚೀಲದ ಮೇಲಿನ ಅಕ್ಷರಗಳು ಒಳಗಿನಿಂದ ತಲೆಕೆಳಗಾಗಿ ಕಾಣುತ್ತಿದ್ದವು.

“ದಾಟಸ್ತೀಯೇನಪ್ಪಾ?”

“ಮನಿಷ್ಯಾಗ ಇಪ್ಪತ್ತು, ಸೈಕಲ್ಲಿಗೆ ಮೂವತ್ತು.”

“ಸೈಕಲ್ಲಿಗೆ ಯಾಕ ಜಾಸ್ತಿ?”

“ಮನಿಷ್ಯಾ ಹೇಳಿದಂಗ ಕುಂದರ್ತಾನ್ರೀ. ಸೈಕಲ್ ಕುಂದರಂಗಿಲ್ಲ.”

ನ್ಯಾಯವಾದ ಮಾತು. ಸೈಕಲ್ಲನ್ನು ಮಲಗಿಸಿ, ಮೇಲೆದ್ದ ಪೆಡಲಿಗೆ ಅವನ ಟವೆಲು ಸುತ್ತಿ, ನಾನು ಒಂದು ಅಂಚಿಗೆ ಒರಗಿ ಕೂತೆ. ಅವನು ಹುಟ್ಟಿನಿಂದ ಒಮ್ಮೆ ಆಚೆ, ಒಮ್ಮೆ ಈಚೆ ಎಳೆಯುತ್ತಾ ಹೊರಟ. ನಡುಹೊಳೆಗೆ ಬಂದಾಗ ಸೂರ್ಯ ಎದುರು ದಂಡೆಯ ಮರಗಳ ಮೇಲೆ ಗೇಣುದ್ದ ಇದ್ದ.

“ಒಂದೀಟು ಹೊಳಿ ಹೋದ ಕಡಿಗೆ ಹೋಗೂಣೇನು?” ಅಂದೆ.

ಅವನು ಹುಟ್ಟು ನಿಲ್ಲಿಸಿದ. “ಆ ಕಡಿ ಏನೈತ್ರೀ?”

“ಏನೂ ಇಲ್ಲ.”

ನನ್ನ ಮುಖ ನೋಡಿದ. ಹಣೆಯ ಭಂಡಾರ ನೋಡಿದ. ಮಲಗಿದ್ದ ಸೈಕಲ್ಲನ್ನೂ ನೋಡಿದ. “ಬರುವಾಗ ಇದನ್ನ ತೆಲಿ ಮ್ಯಾಲೆ ಹೊರಾಂವ ನಾನು” ಎಂದು ಗೊಣಗಿ, ಹುಟ್ಟನ್ನು ಎತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬೀಡಿ ಹುಡುಕಿದ. ಹರಗೋಲು ನಿಧಾನಕ್ಕೆ ಒಂದು ಸುತ್ತು ತಿರುಗಿತು. ಕುರುವತ್ತಿಯ ಗುಡಿ ಎಡಕ್ಕೆ ಬಂತು, ಬೆನ್ನಿಗೆ ಹೋಯಿತು, ಬಲಕ್ಕೆ ಬಂತು. ನಾನು ಮಧ್ಯಾಹ್ನವೆಲ್ಲ ತುಳಿದು ಬಂದ ದಿಕ್ಕಿಗೆ ನೀರು ನಮ್ಮನ್ನು ತೆಗೆದುಕೊಂಡು ಹೊರಟಿತು.